ಹಲ್ಲು ಮುರಿದ ಮೆಷಿನಿನ ಏಳು ಪೆಟ್ಟು

ನಮ್ಮ ಮನೆಯಲ್ಲಿ ಒದ್ದೆಯಾದ ಯಾವ ವಸ್ತುವಿಗೂ ಒಂದೇ ಮದ್ದು. ತೆಗೆದುಕೊಂಡು ಹೋಗಿ ಹೊಗೆಗೂಡಿನಲ್ಲಿ ಇಡುವುದು. ರಬ್ಬರ್ ಶೀಟಿಗೆ ಹೊಗೆ ಕೊಡಲೆಂದು ಕಟ್ಟಿಸಿದ ಸಣ್ಣ ಕೋಣೆ ಅದು. ಕೆಳಗೆ ಒಲೆ, ಮೇಲೆ ಶೀಟು ನೇತುಹಾಕಲು ಬಿದಿರಿನ ಗಳುಗಳ ಸಾಲು. ತೆಂಗಿನ ಗೆರಟೆ, ಸೌದೆ ಹಾಕಿ ಮೂರು ನಾಲ್ಕು ದಿನ ಹದವಾಗಿ ಹೊಗೆ ಕೊಟ್ಟರೆ ಬಿಳಿ ಶೀಟು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಂಥ ಮಳೆಗಾಲದಲ್ಲೂ ಅದಕ್ಕೆ ಬೂಷ್ಟು ಹಿಡಿಯುವುದಿಲ್ಲ. ಶೀಟಿಗೆ ಆದದ್ದು ಉಳಿದದ್ದಕ್ಕೆ ಯಾಕಾಗಬಾರದು? ಮಗಳ ಯೂನಿಫಾರಂ, ಶೂ, ನೆನೆದ ಪಾಠಪುಸ್ತಕ, ಹೆಂಡತಿಯ ಹಲಸಿನ ಹಪ್ಪಳ ಎಲ್ಲ ಅಲ್ಲೇ ಒಣಗಿದವು. ನನ್ನದೊಂದು ರೇಡಿಯೋ ಸಹ ಅಲ್ಲಿ ಎರಡು ದಿನ ಕೂತು ಬದುಕಿಕೊಂಡಿತ್ತು. ಕಡಬದ ಕಡೆ ರಬ್ಬರ್ ಇರುವವರಿಗೆ ಇದು ದೊಡ್ಡ ವಿಷಯವಲ್ಲ. ಶಾಲೆಯಲ್ಲಿ ಮಕ್ಕಳು ತನ್ನನ್ನು 'ಹೊಗೆ' ಎಂದು ಕರೆಯುತ್ತಾರೆಂದು ಮಗಳು ಒಂದು ದಿನ ಅತ್ತುಕೊಂಡು ಬಂದಾಗ, 'ಹೊಗೆ ಆದ್ರೆ ಎಂತ, ಬೂಷ್ಟು ಅಂತ ಕರೆಯುದಿಲ್ಲ ಅಲ್ವಾ?' ಎಂದು ಬಾಯಿ ಮುಚ್ಚಿಸಿದ್ದೆ. ನನ್ನ ಸ್ವಭಾವವೇ ಹಾಗೆ. ತಪ್ಪು ನನ್ನದಾದಷ್ಟೂ ಗಂಟಲು ದೊಡ್ಡದಾಗುತ್ತದೆ.

ಈ ಒಬ್ಬಳೇ ಮಗಳನ್ನು ನಾನು ಸೇರಿಸಿದ್ದು ಹಾಡುಗಾರಿಕೆಗೆ. ಪುತ್ತೂರಿನಲ್ಲಿ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ಶನಿವಾರ ಮಧ್ಯಾಹ್ನ ಕ್ಲಾಸ್ ಇರುತ್ತಿತ್ತು. ಒಂದು ಕೋಣೆಯಲ್ಲಿ ಹಾಡು, ಪಕ್ಕದ ಕೋಣೆಯಲ್ಲಿ ಗಿಟಾರು. ಏಳನೇ ಕ್ಲಾಸಿನ ಹುಡುಗಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ನಾನು ಪೇಟೆಯಲ್ಲಿ ಸಾಮಾನು ಹಿಡಿದುಕೊಂಡು ಬರುವಷ್ಟರಲ್ಲಿ ಕ್ಲಾಸು ಮುಗಿದಿರುತ್ತಿತ್ತು. ಮೂರು ತಿಂಗಳಾದ ಮೇಲೆ ನೆಂಟರೆದುರು 'ಒಂದು ಹಾಡು ಹೇಳು ಮಗಾ' ಎಂದರೆ ಪಿಳಿಪಿಳಿ ಕಣ್ಣು ಬಿಟ್ಟಳು. ಮೊದಲ ವಾರವೇ ಪಕ್ಕದ ಕೋಣೆಗೆ ಹೋಗಿ ಕೂತಿದ್ದಾಳೆ, ಎರಡೂ ಕೋಣೆಯ ಮೇಷ್ಟ್ರುಗಳು ಸುಮ್ಮನಿದ್ದಾರೆ! ಮುಂದಿನ ಶನಿವಾರ ಮೆಟ್ಟಿಲು ಹತ್ತಿ ಹೋಗಿ ಕೂಗಾಡಿದೆ. ಗಿಟಾರ್ ಮೇಷ್ಟ್ರು, ಪಾಪ, ಸಣ್ಣ ಪ್ರಾಯದವರು, 'ಬೈದು ಆಯ್ತಲ್ಲ, ಈಗ ಒಮ್ಮೆ ಕೇಳಿ' ಎಂದರು. ಕೇಳಿದೆ. ತಂತಿ ಒತ್ತಿ ಒತ್ತಿ ಅವಳ ಬೆರಳಿನ ತುದಿಗಳೆಲ್ಲ ಕೆಂಪಾಗಿದ್ದವು. ಅದರ ಮುಂದಿನ ಶನಿವಾರವೂ ಅವಳನ್ನು ಬಸ್ಸು ಹತ್ತಿಸಿದೆ.

ಪುತ್ತೂರಿನ ಕಾಲೇಜಿಗೆ ಬಂದ ಮೇಲೆ ಮದುವೆ ರಿಸೆಪ್ಶನ್ನುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ನುಡಿಸತೊಡಗಿದಳು. ಸುಳ್ಯದ ಹಾಲ್ ಒಂದರಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ದೊಡ್ಡಪ್ಪನ ಮಗ ಇಡೀ ಪಂಕ್ತಿಗೆ ಕೇಳುವ ಹಾಗೆ, 'ನಿನ್ನ ಮಗಳು ಸ್ಟೇಜಿನಲ್ಲಿ ಉಂಟಲ್ಲ ಮಾರಾಯ!' ಎಂದ. 'ಉಂಟು. ನಿನ್ನ ಮಗ ಎಲ್ಲಿ ಉಂಟು?' ಎಂದು ಕೇಳಿದೆ. ಅವನ ಮಗ ಎಲ್ಲಿಯೂ ಇರಲಿಲ್ಲ, ಮನೆಯಲ್ಲಿ ಮಲಗಿದ್ದ.

ಜಾಸ್ ಎಂಬ ಶಬ್ದ ನನ್ನ ಮನೆಗೆ ಬಂದದ್ದು ಆ ವರ್ಷಗಳಲ್ಲಿ. ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತವಳನ್ನು ಎಂತ ಕೇಳುದು ಎಂದು ವಿಚಾರಿಸಿದರೆ ಒಂದು ವೈರು ನನ್ನ ಕಿವಿಗೆ ಇಟ್ಟಳು. ನಾಲ್ಕು ಜನ ನಾಲ್ಕು ಕಡೆ ಓಡುತ್ತಿದ್ದಾರೆ. ತಾಳ ತಪ್ಪಿದ ಹಾಗೆ ಕೇಳುತ್ತದೆ, ಆದರೆ ಕೊನೆಗೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಕೋಣ ನಾನು. ಅವಳೇ ಆಮೇಲೆ ನನಗೆ ತಿಳಿಯುವ ಭಾಷೆಯಲ್ಲಿ ಹೇಳಿದಳು.

'ಅಪ್ಪ, ತಾಳಮದ್ದಳೆಯಲ್ಲಿ ಪದ್ಯ ಮೊದಲೇ ಉಂಟಲ್ಲ? ಅರ್ಥ ಹೇಳುವವರು ಅದರ ಮೇಲೆ ಆಗಿಂದಾಗ ಮಾತು ಕಟ್ಟುದಲ್ವಾ? ಇದೂ ಹಾಗೆಯೇ. ಪದ್ಯ ಬರೆದದ್ದು, ಅರ್ಥ ಆಗ ಹುಟ್ಟುದು.'

ಅಯ್ಯೋ, ಇಷ್ಟೇಯಾ! ತಾಳಮದ್ದಳೆಗಾಗಿ ಊಟ ಬಿಟ್ಟು ಕೂತವನು ನಾನು. ಪ್ರಸಂಗದಲ್ಲಿ ಇಲ್ಲದ್ದನ್ನು ಅರ್ಥಧಾರಿ ಬಾಯಿಂದ ತೆಗೆದಾಗ ಮೈ ಜುಮ್ಮೆನ್ನುವುದು ನನಗೆ ಗೊತ್ತು. 'ಹಾಗಾದ್ರೆ ನೀನು ಭಾಗವತನಾ, ಅರ್ಥಧಾರಿಯಾ?' ಎಂದು ಕೇಳಿದೆ. 'ಎರಡೂ ಆಗ್ಬೇಕೂಂತ ಉಂಟು' ಎಂದಳು. ಅವತ್ತಿನಿಂದ ಯಾರು ಕೇಳಿದರೂ ನನ್ನ ಮಗಳು ಪದ್ಯವನ್ನೂ ತಾನೇ ಬರೆಯುತ್ತಾಳೆ ಎಂದು ಹೇಳಿಕೊಂಡು ತಿರುಗಿದೆ.

ಡಿಗ್ರಿ ಮುಗಿಸಿ ಮಂಗಳೂರಿಗೆ ಹೋದಳು. ಅಲ್ಲಿ ಒಬ್ಬರು ಹಿರಿಯರಿದ್ದರು. ಪ್ರಾಯದಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ಗಿಟಾರ್ ನುಡಿಸಿ, ವಯಸ್ಸಾದ ಮೇಲೆ ಊರಿಗೆ ಬಂದು ಕೂತವರು. ವಾರಕ್ಕೆ ಮೂರು ದಿನ ಅವರಲ್ಲಿ ಪಾಠ, ಸಂಜೆ ಹೋಟೆಲುಗಳಲ್ಲಿ ನುಡಿಸುವುದು. ಆಮೇಲೆ ಎರಡು ಸೀಸನ್ ಗೋವಾದಲ್ಲಿದ್ದಳು. ಮಳೆಗಾಲಕ್ಕೆ ತಿರುಗಿ ಬಂದಾಗ ಆ ಹಿರಿಯರು ತಮ್ಮ ಗಿಟಾರನ್ನೇ ಅವಳ ಕೈಗೆ ಕೊಟ್ಟರು. ಬೆರಳಿನ ಗಂಟುಗಳು ಹಿಡಿದುಕೊಂಡು ಅವರಿಗೆ ನುಡಿಸಲು ಆಗುತ್ತಿರಲಿಲ್ಲವಂತೆ. ಕಂದು ಬಣ್ಣದ ಹಳೆಯ ವಾದ್ಯ, ಪಿಟೀಲಿಗಿರುವ ಹಾಗೆ ಹೊಟ್ಟೆಯಲ್ಲಿ ಎರಡು ಸೀಳು. ಅವರ ಬೆವರು ಬಿದ್ದು ಬಿದ್ದು ಕತ್ತಿನ ಮೇಲಿನ ಬಣ್ಣ ಹೋಗಿತ್ತು. ಮನೆಗೆ ತಂದ ದಿನ ಅವಳು ಅದನ್ನು ಚಾವಡಿಯಲ್ಲಿ ಮಲಗಿಸಿ ಪಕ್ಕದಲ್ಲೇ ಮಲಗಿದಳು. ಇಪ್ಪತ್ತನಾಲ್ಕು ವರ್ಷದ ಹೆಣ್ಣು!

ಆ ಸಲವೇ ಮೆಷಿನಿನ ವಿಷಯ ನಡೆದದ್ದು. ಆಸಿಡ್ ಹಾಕಿದ ರಬ್ಬರ್ ಹಾಲು ಹೆಪ್ಪುಗಟ್ಟಿದ ಮೇಲೆ ಅದನ್ನು ಎರಡು ಕಬ್ಬಿಣದ ರೋಲರುಗಳ ನಡುವೆ ಹಾಕಿ, ಕೈಯಲ್ಲಿ ಹಿಡಿ ತಿರುಗಿಸಿ ಶೀಟು ಮಾಡುವುದು. ನಮ್ಮ ಮೆಷಿನಿನ ಚಕ್ರದಲ್ಲಿ ಒಂದು ಹಲ್ಲು ಮುರಿದಿದೆ. ಹಿಡಿ ಒಂದು ಸುತ್ತು ಬರುವಾಗ ಆರು ಸಲ ಕರಕರ ಎಂದು ಹೋಗಿ, ಏಳನೆಯದಕ್ಕೆ ಟಕ್ ಎಂದು ಎಡವುತ್ತದೆ, ಭುಜಕ್ಕೆ ಒಂದು ಪೆಟ್ಟು ಕೊಟ್ಟೇ ಮುಂದೆ ಹೋಗುತ್ತದೆ. ಒಂದು ಬೆಳಿಗ್ಗೆ ನಾನು ಶೀಟು ಒತ್ತುತ್ತಿದ್ದಾಗ ಅವಳು ಗಿಟಾರ್ ಹಿಡಿದುಕೊಂಡು ಮೆಷಿನ್ ಇರುವ ಮಾಡಿನ ಕೆಳಗೆ ಬಂದು ಕೂತಳು. ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ಶುರು ಮಾಡಿದಳು.

'ಶೀಟ್ ಮುಗೀತು ಮಗಾ' ಎಂದೆ.

'ನಿಲ್ಲಿಸ್ಬೇಡಿ ಅಪ್ಪ. ಖಾಲಿಯೇ ತಿರುಗಿಸ್ತಾ ಇರಿ.'

ತಿರುಗಿಸಿದೆ. ಅಂದಾಜು ಒಂದು ಗಂಟೆ ಖಾಲಿ ಮೆಷಿನ್ ತಿರುಗಿಸಿದ್ದೇನೆ, ದೇವರಾಣೆ. ಆರು ಕರಕರ, ಒಂದು ಟಕ್. ಆ ಟಕ್ಕಿನ ಜಾಗದಲ್ಲಿ ಅವಳು ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿ ಬಿಟ್ಟುಬಿಡುತ್ತಿದ್ದಳು, ಅದು ಆ ಹಳೆಯ ಮರದ ಹೊಟ್ಟೆಯಲ್ಲಿ ಮುಂದಿನ ಸುತ್ತಿನವರೆಗೆ ಗುಂಯ್ಗುಡುತ್ತಿತ್ತು. ಯಕ್ಷಗಾನದ ತ್ರಿವುಡೆ ತಾಳಕ್ಕೂ ಏಳೇ ಪೆಟ್ಟು, ಆದರೆ ಇದು ಅದಲ್ಲ. ಇದು ನನ್ನ ಕೈಯ ತಾಳ. ಜಾಸ್ ನನಗೆ ಅರ್ಥವಾದದ್ದು ಆ ಒಂದು ಬೆಳಿಗ್ಗೆ ಮಾತ್ರ, ಆದರೆ ಪೂರ್ತಿ ಅರ್ಥವಾಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಆಸಿಡ್ ವಾಸನೆ ಎಂದು ಹೇಳಿದೆ.

'ಈ ಹಲ್ಲು ಹಾಕಿಸ್ಲಿಕ್ಕುಂಟು. ಪುತ್ತೂರಿಗೆ ಕೊಂಡೋಗ್ಬೇಕು ಒಮ್ಮೆ' ಎಂದೆ, ಮಾತು ಬದಲಿಸಲು.

'ಹಾಕಿಸಿ ನೋಡಿ! ನಾನು ಈ ಮನೆಗೆ ಬರುದೇ ಇಲ್ಲ ಮತ್ತೆ' ಎಂದು ನಕ್ಕಳು.

ಆ ಪೀಸನ್ನು ಬರೆದು ಮುಗಿಸಲು ಅವಳಿಗೆ ಒಂದು ವರ್ಷ ಹಿಡಿಯಿತು. ಮುಂಬಯಿಯಲ್ಲಿ ನುಡಿಸುವ ನಾಲ್ಕು ಜನರ ಒಂದು ತಂಡ ಅವಳನ್ನು ಕರೆದದ್ದೇ ಅದನ್ನು ಕೇಳಿ. ಅವಳ ರಚನೆಗಳದ್ದೇ ಒಂದು ಆಲ್ಬಮ್, ಮೊದಲು ಇದನ್ನೇ ರೆಕಾರ್ಡ್ ಮಾಡುವುದು ಎಂದು ನಿಶ್ಚಯವಾಯಿತು. ಮುಂಬಯಿಗೆ ಹೋಗಲು ಮೂರು ವಾರ ಇರುವಾಗ, ಆಟಿ ತಿಂಗಳ ಮಳೆಯಲ್ಲಿ, ಗಿಟಾರ್ ಹೊತ್ತುಕೊಂಡು ಮನೆಗೆ ಬಂದಳು. ಆಟಿಯಲ್ಲಿ ತವರಿಗೆ ಹೋಗಿ ಕೂತು ಬರುವುದು ನಮ್ಮ ಕಡೆ ಹೆಣ್ಣುಮಕ್ಕಳ ಕ್ರಮ. ನನ್ನ ಹೆಂಡತಿಗೆ ಐವತ್ತು ದಾಟಿದರೂ ಆ ಕ್ರಮ ಬಿಡಲಿಲ್ಲ, ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಅವಳ ತಾಯಿ ಇನ್ನೂ ಗಟ್ಟಿ ಇದ್ದರು. ತಾಯಿ ಮಗಳು ಇಬ್ಬರೂ ನಾಲ್ಕು ದಿನಕ್ಕೆಂದು ಹೊರಟರು. ಎರಡು ಬಸ್ಸು ಬದಲಿಸಬೇಕು, ಮಳೆ ನಿಲ್ಲುವ ಲಕ್ಷಣವಿಲ್ಲ. ಗಿಟಾರನ್ನು ಒಳಕೋಣೆಯ ಮಂಚದ ಮೇಲೆ ಇಟ್ಟು ಮಗಳು ನನಗೆ ಹೇಳಿದಳು:

'ಅಪ್ಪ, ಇದರ ಮೇಲೆ ಒಂದು ಕಣ್ಣಿರ್ಲಿ ಆಯ್ತಾ?'

ಕಣ್ಣಿಟ್ಟೆ. ಅದೇ ನಾನು ಮಾಡಿದ ತಪ್ಪು. ಮರುದಿನ ಗಿಟಾರಿನ ಪೆಟ್ಟಿಗೆ ತೆರೆದು ನೋಡಿದರೆ ಕತ್ತಿನ ಮೇಲೆ, ಸೀಳಿನ ಅಂಚಿನಲ್ಲಿ, ಬೆಳ್ಳಗೆ ಬೂಷ್ಟು. ಬಟ್ಟೆಯಲ್ಲಿ ಒರೆಸಿದೆ, ಸಂಜೆಗೆ ಮತ್ತೆ ಬಂತು. ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಯಾಕೆ ಕೇಳಬೇಕು? ಮೂವತ್ತು ವರ್ಷದಿಂದ ಬೂಷ್ಟಿನ ಜೊತೆ ಗುದ್ದಾಡಿದವನು ನಾನು. ಊರಿನವರು ಬೂಷ್ಟಿಗೆ ಎಂತ ಮಾಡುದು ಎಂದು ನನ್ನನ್ನೇ ಕೇಳುವುದು. ಹೊಗೆಗೂಡಿನಲ್ಲಿ ಒಲೆಯಿಂದ ದೂರದ, ಹದವಾದ ಬಿಸಿಯ ಮೂಲೆಯನ್ನು ಹುಡುಕಿ, ಮೇಲಿನ ಗಳುವಿಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಗಿಟಾರನ್ನು ಮಲಗಿಸಿದೆ. ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ. ಎರಡು ದಿನ ಹೊಗೆ ಕೊಟ್ಟೆ. ಒಲೆ ಜೋರಾಗದಂತೆ ಹಗಲಿಡೀ ಅಲ್ಲೇ ಕಾದು ಕೂತಿದ್ದೆ.

ಐದನೆಯ ದಿನ ಮಧ್ಯಾಹ್ನ ಅವರು ಬಂದರು. ಅವಳು ಮಂಚ ನೋಡಿ, 'ಅಪ್ಪ, ಗಿಟಾರ್ ಎಲ್ಲಿ?' ಎಂದಳು. ನಾನು ನಗುತ್ತಾ, ಹೌದು, ನಗುತ್ತಾ, 'ಬಾ, ತೋರಿಸ್ತೇನೆ. ಒಂದು ಚುಕ್ಕಿ ಬೂಷ್ಟು ಇದ್ರೆ ಕೇಳು' ಎಂದು ಗೂಡಿನ ಬಾಗಿಲು ತೆಗೆದು, ಶೀಟುಗಳನ್ನು ಆಚೆ ಸರಿಸಿ, ಜೋಲಿಯಿಂದ ಎತ್ತಿ ಅವಳ ಕೈಗೆ ಕೊಟ್ಟೆ.

ಬೂಷ್ಟು ಇರಲಿಲ್ಲ. ಎದೆಯ ಹಲಗೆ ಒಳಗೆ ಕುಸಿದಿತ್ತು. ಬೆನ್ನಿನ ಹಲಗೆ ಅಂಚಿನಿಂದ ಬಿಟ್ಟುಕೊಂಡು ಬಾಯ್ದೆರೆದಿತ್ತು. ಅವಳು ಕತ್ತು ಹಿಡಿದಳು, ಕತ್ತು ಕೈಯಲ್ಲಿ ಅಲ್ಲಾಡಿತು. ಹಳೆಯ ಕಾಲದ ಅಂಟು ಬಿಸಿಗೆ ಕರಗುತ್ತದೆಂದು ನನಗೆ ಆಮೇಲೆ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೆಂಡತಿ ಹಿಂದಿನಿಂದ, 'ಯಾರು ಹೇಳಿದ್ದು ನಿಮಗೆ ಮಾರಾಯ್ರೆ? ಯಾರು ಹೇಳಿದ್ದು?' ಎಂದು ಹಣೆ ಬಡಿದುಕೊಂಡಳು.

ಆಗ ನಾನು ಏನು ಮಾಡಬೇಕಿತ್ತು? ಕಾಲಿಗೆ ಬೀಳಬೇಕಿತ್ತು, ಮಗಳಾದರೇನು. ನಾನು ಮಾಡಿದ್ದು ಗಂಟಲು ದೊಡ್ಡದು ಮಾಡಿದ್ದು.

'ಎಂಥ ಗಿಟಾರ್ ಇದು, ಒಂದು ಹೊಗೆ ತಡೀಲಿಕ್ಕಾಗುದಿಲ್ವಾ? ಒಳ್ಳೆ ಮರದ್ದಾಗಿದ್ರೆ ಹೀಗೆ ಆಗ್ತಿತ್ತಾ? ಆ ಮುದುಕ ನಿನಗೆ ಗುಜರಿ ದಾಟಿಸಿದ್ದು!'

ಅವಳು ನನ್ನ ಮುಖ ನೋಡಿದಳು. 'ಹೌದಪ್ಪ. ಹಳತು ಅಲ್ವಾ' ಎಂದಳು. ಆಮೇಲೆ, 'ಪರ್ವಾಗಿಲ್ಲ' ಎಂದಳು. ಮತ್ತೊಮ್ಮೆ 'ಪರ್ವಾಗಿಲ್ಲ ಅಪ್ಪ' ಎಂದಳು. ಬೈದಿದ್ದರೆ, ಒಂದು ಪಾತ್ರೆ ಎತ್ತಿ ಬಿಸಾಡಿದ್ದರೆ, ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವಳು ಮೈ ಒರೆಸುವ ಬೈರಾಸು ತಂದು ಗಿಟಾರನ್ನು ಸುತ್ತಿ ಒಳಗೆ ಇಟ್ಟು, ಅಮ್ಮನಿಗೆ ತರಕಾರಿ ಹೆಚ್ಚಿ ಕೊಟ್ಟಳು.

ಎರಡು ವಾರ ಕಳೆದು ಅವಳು ಬರಿಗೈಯಲ್ಲಿ ಮುಂಬಯಿಗೆ ಹೋದ ಮೇಲೆ, ನಾನು ಆ ಗಿಟಾರನ್ನು ಗೋಣಿಯಲ್ಲಿ ಕಟ್ಟಿಕೊಂಡು ಮಂಗಳೂರಿಗೆ ಹೋದೆ, ಆ ಹಿರಿಯರ ಮನೆ ಹುಡುಕಿಕೊಂಡು. ಸರಿ ಮಾಡುವವರು ಯಾರಾದರೂ ಇದ್ದಾರಾ ಎಂದು ಕೇಳುವುದು ನೆಪ. ಮಗಳ ಮುಖದ ಹೋಲಿಕೆಯಿಂದ ಅವರು ಬಾಗಿಲಲ್ಲೇ ನನ್ನನ್ನು ಗುರುತಿಸಿ ಒಳಗೆ ಕೂರಿಸಿದರು. ಗೋಣಿ ಬಿಚ್ಚಿ ಗಿಟಾರನ್ನು ಮಡಿಲಿಗೆ ಇಟ್ಟುಕೊಂಡರು. ಸೊಟ್ಟಗಾದ ಬೆರಳುಗಳಿಂದ ಅಂಚು ಸವರಿದರು, ಬಗ್ಗಿ ಮೂಸಿದರು.

'ಬಸ್ಸಿನಿಂದ ಇಳಿಯುವಾಗ ಕೈ ತಪ್ಪಿ ಬಿತ್ತು ಅಂತ ನಿಮ್ಮ ಮಗಳು ಫೋನ್ ಮಾಡಿ ಹೇಳಿದ್ಳು' ಎಂದರು. 'ನಾನು ತುಂಬ ಬೈದೆ. ಜಾಗ್ರತೆ ಇಲ್ಲದವಳಿಗೆ ಕೊಟ್ಟದ್ದು ನನ್ನ ತಪ್ಪು ಅಂತ ಹೇಳಿದೆ. ಮತ್ತೆ ಅವಳು ಫೋನ್ ಮಾಡಿದ್ರೆ ನಾನು ಎತ್ತಲೂ ಇಲ್ಲ. ಬಸ್ಸಿನಿಂದ ಬಿದ್ದದ್ದಕ್ಕೆ ಹೊಗೆ ವಾಸನೆ ಹೇಗೆ ಬಂತು ಮಾರಾಯ್ರೆ?'

ಎಲ್ಲ ಹೇಳಿದೆ. ಗುಜರಿ ಎಂದದ್ದನ್ನೂ ಹೇಳಿದೆ. ಅವರು ಗಿಟಾರನ್ನು ನಿಧಾನ ನೆಲಕ್ಕಿಟ್ಟು, 'ಊಟ ಆಯ್ತಾ ನಿಮ್ಮದು?' ಎಂದು ಕೇಳಿದರು. ಆ ಮನೆಯಲ್ಲಿ ಗಂಜಿ ಉಂಡು, ಗಿಟಾರನ್ನು ಮತ್ತೆ ಗೋಣಿಯಲ್ಲಿ ಕಟ್ಟಿಕೊಂಡು ಹೊರಟೆ. ಅವರು ಹೇಳಿದ ರಿಪೇರಿಯವನು ಗಿಟಾರನ್ನು ಅಂಟಿಸಿ ಕೊಟ್ಟ. ನೋಡಲಿಕ್ಕೆ ಅದೇ. ತಂತಿ ಮೀಟಿದರೆ ಕೊರಡು ಬಡಿದ ಶಬ್ದ.

ಮಗಳ ಕೆಲಸಕ್ಕೆ ಕುಂದಾಗಲಿಲ್ಲ, ಅದನ್ನು ಹೇಳಬೇಕು. ಬೇರೆಯವರ ಗಿಟಾರಿನಲ್ಲಿ ರೆಕಾರ್ಡ್ ಮಾಡಿದಳು, ಆಮೇಲೆ ತನ್ನದೊಂದು ಕೊಂಡಳು. ದೆಹಲಿ, ಕೊಲ್ಕತ್ತ, ಒಂದೆರಡು ಹೊರದೇಶ. ಪೇಪರಿನಲ್ಲಿ ಫೋಟೋ ಬಂದಾಗ ದೊಡ್ಡಪ್ಪನ ಮಗನೇ ತಂದು ತೋರಿಸಿದ. ಆಲ್ಬಮ್ ಬಂದ ದಿನ ಅವಳ ಅಮ್ಮ ಫೋನಿನಲ್ಲಿ ಹಾಕಿಕೊಟ್ಟಳು. ಎಂಟು ಪೀಸ್. ಮೆಷಿನಿನ ಹತ್ತಿರ ಸ್ಟೂಲು ಹಾಕಿ ಕೂತು, ಒಂದೊಂದಕ್ಕೂ ತೊಡೆಯ ಮೇಲೆ ಏಳು ಎಣಿಸಿ ನೋಡಿದೆ. ಯಾವುದಕ್ಕೂ ಕೂರಲಿಲ್ಲ. ತಪ್ಪಿಹೋಯಿತೇನೋ ಎಂದು ಮೊದಲಿನಿಂದ ಇನ್ನೊಮ್ಮೆ ಎಣಿಸಿದೆ. ಎಂಟರಲ್ಲಿ ನನ್ನ ಮೆಷಿನ್ ಇರಲಿಲ್ಲ.

ಫೋನಿನಲ್ಲಿ ಕೇಳಿಯೇಬಿಟ್ಟೆ. 'ನಮ್ಮ ಪದ್ಯ ಎಲ್ಲಿ ಮಗಾ?'

'ಅದಾ? ಅದು ಆ ಗಿಟಾರಿಗೇ ಬರೆದದ್ದು ಅಪ್ಪ. ಬೇರೆಯದ್ರಲ್ಲಿ ಆ ದಪ್ಪ ತಂತಿಯ ನಾದ ಹಾಗೆ ನಿಲ್ಲುದಿಲ್ಲ. ಮಾಡಿ ನೋಡಿದೆವು, ಸರಿಯಾಗ್ಲಿಲ್ಲ.' ಆಮೇಲೆ, 'ಅಲ್ಲಿ ಮಳೆ ಉಂಟಾ?' ಎಂದು ಕೇಳಿದಳು. ಉಂಟು ಎಂದೆ.

ಕಳೆದ ಆಟಿಯಲ್ಲಿ ನಾಲ್ಕು ದಿನಕ್ಕೆ ಬಂದಿದ್ದಳು. ಹೆಗಲಿಗೆ ಒಂದು ಸಣ್ಣ ಚೀಲ, ಅಷ್ಟೇ. ಗಿಟಾರ್ ಕೆಟ್ಟ ಆ ವರ್ಷದ ಮೇಲೆ ಅವಳು ಯಾವತ್ತೂ ಮನೆಗೆ ಗಿಟಾರ್ ತರಲಿಲ್ಲ. ಪ್ರತಿ ಸಲ ನಾನು ಕೇಳುವುದು, ಪ್ರತಿ ಸಲ ಅವಳದ್ದು ಅದೇ ಉತ್ತರ: 'ಅಲ್ಲೇ ಇಟ್ಟಿದ್ದೇನೆ ಅಪ್ಪ. ಇಲ್ಲಿ ಶೀತ ಅಲ್ವಾ.' ಬೇಸಿಗೆಯಲ್ಲಿ ಬಂದಾಗಲೂ ಅದೇ ಉತ್ತರ. ನನ್ನ ಮಗಳು ನುಡಿಸುವುದನ್ನು ಊರೂರಿನವರು ಕೇಳಿದ್ದಾರೆ, ನಾನು ಖಾಲಿ ಮೆಷಿನ್ ತಿರುಗಿಸಿದ ಆ ಬೆಳಿಗ್ಗೆಯ ನಂತರ ಎದುರು ಕೂತು ಕೇಳಿಲ್ಲ.

ಕ್ಷಮೆ ಕೇಳುವ ಬಾಯಿ ನನಗೆ ದೇವರು ಕೊಡಲಿಲ್ಲ. ಕೈ ಕೊಟ್ಟಿದ್ದಾನೆ. ಕಳೆದ ಸಲ ಅವಳು ಹೊರಡುವ ದಿನ ಬೆಳಿಗ್ಗೆ, ಅವಳು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ನಾನು ಮಾಡಿನ ಕೆಳಗೆ ಹೋಗಿ ಮೆಷಿನಿನ ಹಿಡಿ ತಿರುಗಿಸಿದೆ. ಶೀಟು ಇರಲಿಲ್ಲ. ಖಾಲಿ ಮೆಷಿನ್. ಆರು ಕರಕರ, ಒಂದು ಟಕ್. ಅವಳಿಗೆ ಕೇಳಬೇಕು ಎಂದು ತಿರುಗಿಸಿದೆ. ಭುಜ ಈಗ ಮೊದಲಿನ ಹಾಗಿಲ್ಲ, ಪ್ರತಿ ಟಕ್ಕಿಗೂ ಕುತ್ತಿಗೆಯವರೆಗೆ ನೋವು ಏರುತ್ತಿತ್ತು. ಹತ್ತು ಸುತ್ತು, ಇಪ್ಪತ್ತು ಸುತ್ತು. ಅವಳು ಲೋಟ ಕೆಳಗಿಟ್ಟದ್ದು ಕಂಡಿತು. ಎದ್ದು ಬಂದಳು. ಪಕ್ಕದಲ್ಲಿ ನಿಂತಳು. ಅವಳ ಬಲಗೈಯ ಹೆಬ್ಬೆರಳು ಟಕ್ಕಿನ ಜಾಗದಲ್ಲಿ ಒಮ್ಮೆ ಅಲ್ಲಾಡಿತು, ನಾನು ಕಣ್ಣಾರೆ ನೋಡಿದೆ. ಇನ್ನೂ ಜೋರಾಗಿ ತಿರುಗಿಸಿದೆ.

ಅವಳು ನನ್ನ ಕೈಯ ಮೇಲೆ ಕೈ ಇಟ್ಟು ಹಿಡಿಯನ್ನು ನಿಲ್ಲಿಸಿದಳು.

'ಸಾಕು ಅಪ್ಪ. ಭುಜ ನೋಯ್ತದೆ ನಿಮಗೆ' ಎಂದಳು. 'ಆ ಹಲ್ಲು ಒಂದು ಹಾಕಿಸಿಬಿಡಿ.'

ಆಯ್ತು ಮಗಾ ಎಂದೆ. ಇನ್ನೂ ಹಾಕಿಸಿಲ್ಲ.